ಹಳೆ ಕಾರು ಕೈಕೊಟ್ಟಾಗ: ಗ್ಯಾರೇಜಿಗೆ ಫೋನ್ ಮಾಡುವ ಮೊದಲು ನೀವೇ ನೋಡಬಹುದಾದದ್ದು

ಪ್ರತಿ ವರ್ಷ ಶಿವರಾತ್ರಿ ದಾಟಿ ಬಿಸಿಲು ಏರತೊಡಗಿದ ಕೂಡಲೇ ಅವೇ ಪ್ರಶ್ನೆಗಳು ಶುರುವಾಗುತ್ತವೆ. "ಹುಮನಾಬಾದ್ ಮುಟ್ಟೋದ್ರೊಳಗೆ ಗಾಡಿ ಹೀಟ್ ಆಯ್ತು, ಏನು ಮಾಡ್ಲಿ?" "ರಾತ್ರಿ ಸರಿ ಇತ್ತು, ಬೆಳಿಗ್ಗೆ ಸೆಲ್ಫೇ ಹೊಡೀತಿಲ್ಲ." "ಹೋದ ವರ್ಷವೇ ಎಸಿ ಗ್ಯಾಸ್ ತುಂಬಿಸಿದ್ದೆ, ಮತ್ತೆ ತಂಪಿಲ್ಲ." ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಇದು ಹತ್ತು, ಹದಿನೈದು ವರ್ಷ ಓಡಿದ ಪೆಟ್ರೋಲ್ ಕಾರುಗಳಿಗೆ. ಮಾರುತಿ 800, ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ ಥರದವು. ಕಲಬುರಗಿಯ ಓಣಿಗಳಲ್ಲಿ ಇವು ಇನ್ನೂ ಬೇಕಾದಷ್ಟು ಓಡುತ್ತಿವೆ. ಡೀಸೆಲ್ ಗಾಡಿಯವರಿಗೆ ಬ್ಯಾಟರಿ, ಕೂಲಂಟ್ (ಎಂಜಿನ್ ತಂಪಿಡಲು ಅದರೊಳಗೆ ಸುತ್ತುವ ದ್ರವ), ಟೈರ್ ವಿಷಯ ಹೊಂದುತ್ತದೆ, ಪ್ಲಗ್ (ಪೆಟ್ರೋಲಿಗೆ ಕಿಡಿ ಕೊಡುವ ಪಾರ್ಟ್) ವಿಷಯ ಹೊಂದುವುದಿಲ್ಲ.

ಹಳೆ ಗಾಡಿಯಲ್ಲಿ ಜಾಸ್ತಿ ದುಡ್ಡು ಹಾಳಾಗುವುದು ಕೆಡದೇ ಇದ್ದ ಪಾರ್ಟ್ ಬದಲಿಸಿಯೇ. ಒಮ್ಮೆ ಒಂದು ಗ್ಯಾರೇಜಿನಲ್ಲಿ ನನ್ನ ಗಾಡಿಗೆ ಹೊಸ ಬ್ಯಾಟರಿ ಹಾಕಿದರು. ಮೂರು ದಿನಕ್ಕೆ ಮತ್ತೆ ಅದೇ ಕಥೆ. ಕೊನೆಗೆ ನೋಡಿದರೆ ಎಂಜಿನ್‌ಗೆ ಹೋಗುವ ಅರ್ತ್ ವೈರಿನ (ಬ್ಯಾಟರಿಯ ಮೈನಸ್ ವೈರ್) ಬೋಲ್ಟ್ ಸಡಿಲವಾಗಿತ್ತು, ಅಷ್ಟೇ. ಆಮೇಲಿಂದ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ: ಕಣ್ಣಿಗೆ ಕಾಣುವುದು ಮೊದಲು, ಅಳೆಯಬಹುದಾದದ್ದು ಆಮೇಲೆ, ಬಿಚ್ಚಬೇಕಾದದ್ದು ಕೊನೆಗೆ.

ನಮ್ಮ ಕಡೆ ಹಳೆ ಗಾಡಿಯನ್ನು ಕೆಡಿಸುವವು ಮುಖ್ಯವಾಗಿ ಮೂರು. ಬಿಸಿಲು, ಧೂಳು, ಗಡಸು ನೀರು. ಮೂರನೆಯದನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ನೆಲದಡಿ ಇರುವುದೆಲ್ಲ ಸುಣ್ಣಕಲ್ಲು. ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದದ್ದೂ ಅದಕ್ಕೇ. ಬೋರ್ ನೀರು ಕಾಯಿಸಿದರೆ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುತ್ತದಲ್ಲ, ರೇಡಿಯೇಟರಿಗೆ (ಎಂಜಿನ್ನಿನ ಬಿಸಿ ನೀರನ್ನು ತಂಪು ಮಾಡುವ ಜಾಲರಿ) ಅದೇ ನೀರು ಸುರಿದರೆ ಅದರೊಳಗೂ ಹಾಗೇ ಕಟ್ಟುತ್ತದೆ.

ಬೇಕಾಗುವ ಸಾಮಾನು

10, 12, 14 ನಂಬರಿನ ಪಾನಾ, ಒಂದು ಪಕ್ಕಡ್, ಸ್ಕ್ರೂಡ್ರೈವರ್, ಟಾರ್ಚ್, ಹಳೆ ಕಾಟನ್ ಬಟ್ಟೆ, ಟೈರ್ ಗಾಳಿ ನೋಡುವ ಗೇಜ್, ಜಂಪರ್ ಕೇಬಲ್ (ಇನ್ನೊಂದು ಗಾಡಿಯ ಬ್ಯಾಟರಿಯಿಂದ ಕರೆಂಟ್ ತೆಗೆದುಕೊಳ್ಳುವ ದಪ್ಪ ವೈರ್ ಜೋಡಿ). ಇವೆಲ್ಲಕ್ಕಿಂತ ಮುಖ್ಯ ಒಂದು ಡಿಜಿಟಲ್ ಮಲ್ಟಿಮೀಟರ್. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ವೋಲ್ಟ್ ಅಳೆಯಲು ಬಂದರೆ ಸಾಕು, ಬೇರೆ ಏನೂ ಕಲಿಯಬೇಕಾಗಿಲ್ಲ. ಗಾಡಿಯ ಜೊತೆ ಬಂದ ಮ್ಯಾನ್ಯುಯಲ್ ಪುಸ್ತಕ ಇದ್ದರೆ ಹುಡುಕಿ ತೆಗೆಯಿರಿ. ಯಾವ ಫ್ಯೂಸ್ ಎಲ್ಲಿದೆ ಅನ್ನುವುದು ಅದರಲ್ಲೇ ಇರುತ್ತದೆ.

ಎರಡು ಎಚ್ಚರಿಕೆ. ಜಾಕ್ ಒಂದನ್ನೇ ನಂಬಿ ಗಾಡಿ ಕೆಳಗೆ ತೂರಬೇಡಿ. ಜಾಕಿಗೆ ಆಸರೆ ಅಂತ ಇಟ್ಟಿಗೆಯನ್ನೋ ಶಹಾಬಾದ್ ಪರ್ಸಿಯನ್ನೋ ಪೇರಿಸಿ ಇಡುವವರಿದ್ದಾರೆ. ಪರ್ಸಿ ಪದರ ಪದರವಾಗಿ ಬಿಡುವ ಕಲ್ಲು, ಭಾರ ಒಂದೇ ಕಡೆ ಬಿದ್ದರೆ ಪಟ್ಟನೆ ಸೀಳುತ್ತದೆ. ಎರಡನೆಯದು, ಎಂಜಿನ್ ಓಡುವಾಗ ಬಾನೆಟ್ ಒಳಗೆ ಬಗ್ಗುವುದಿದ್ದರೆ ಸೆರಗು, ದುಪಟ್ಟಾ, ಲುಂಗಿ, ಹೆಗಲ ಮೇಲಿನ ಟವೆಲ್ ಎಲ್ಲ ದೂರ ಇರಲಿ. ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ತಿರುಗುತ್ತದೆ. ಕೆಲವು ಗಾಡಿಗಳಲ್ಲಿ ಎಂಜಿನ್ ಆಫ್ ಮಾಡಿದ ಮೇಲೂ ತಿರುಗುತ್ತದೆ.

1. ಮೊದಲು ಲಕ್ಷಣ ಬರೆದುಕೊಳ್ಳಿ

ಯಾವಾಗ ಆಗುತ್ತದೆ? ಎಂಜಿನ್ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಊರೊಳಗೋ, ಹೈವೇಯಲ್ಲೋ? ಎಸಿ ಹಾಕಿದಾಗ ಮಾತ್ರವೋ? ಎಡಕ್ಕೆ ತಿರುಗಿಸಿದಾಗಲೋ, ಬಲಕ್ಕೋ? ಇದಿಷ್ಟು ಬರೆದುಕೊಂಡರೆ ಅರ್ಧ ಪತ್ತೆ ಆದ ಹಾಗೆ. ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿಟ್ಟುಕೊಳ್ಳಿ. ಗ್ಯಾರೇಜಿಗೆ ಹೋದ ತಕ್ಷಣ ಸದ್ದು ಮಾಯವಾಗುವುದು ಎಲ್ಲ ಹಳೆ ಗಾಡಿಗಳ ಚಾಳಿ.

2. ಸ್ಟಾರ್ಟ್ ಆಗುತ್ತಿಲ್ಲ

ಕೀಲಿ ಆನ್ ಮಾಡಿ, ಹೆಡ್‌ಲೈಟ್ ಹಾಕಿ, ಗೋಡೆಗೆ ಬೆಳಕು ಬೀಳುವ ಹಾಗೆ ನೋಡುತ್ತಾ ಸೆಲ್ಫ್ ಹೊಡೆಯಿರಿ. ಮೂರರಲ್ಲಿ ಒಂದು ಆಗುತ್ತದೆ.

ಒಂದು: ಬೆಳಕು ಸಪ್ಪಗಾಗಿ 'ಟಕಟಕಟಕ' ಅನ್ನುತ್ತದೆ. ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ (ಬ್ಯಾಟರಿಗೆ ವೈರ್ ಕೂಡುವ ಸೀಸದ ತುದಿ) ಸಡಿಲವಾಗಿದೆ. ಎರಡು: ಬೆಳಕು ಹಾಗೇ ಇದ್ದು ಒಂದೇ ಒಂದು 'ಟಕ್' ಬರುತ್ತದೆ, ಅಥವಾ ಏನೂ ಇಲ್ಲ. ಸೆಲ್ಫ್ ಮೋಟರ್, ಅದರ ವೈರ್, ಅರ್ತ್ ಇವುಗಳಲ್ಲೊಂದು. ಮೂರು: ಎಂಜಿನ್ ಜೋರಾಗಿ ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ. ಪೆಟ್ರೋಲ್ ಬರುತ್ತಿಲ್ಲ ಅಥವಾ ಕಿಡಿ ಇಲ್ಲ.

ಮೊದಲನೆಯದೇ ಜಾಸ್ತಿ. ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯಾ ನೋಡಿ. ಕಟ್ಟಿದ್ದರೆ ಮೈನಸ್ ವೈರ್ ಮೊದಲು ಬಿಚ್ಚಿ, ಆಮೇಲೆ ಪ್ಲಸ್. ಬಿಸಿ ನೀರಿಗೆ ಅಡುಗೆ ಸೋಡಾ ಹಾಕಿ, ಹಳೆ ಬ್ರಷ್‌ನಿಂದ ತಿಕ್ಕಿ, ಒರೆಸಿ ಒಣಗಿಸಿ. ಹಾಕುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ. ಈ ಕ್ರಮ ತಪ್ಪಿಸಬೇಡಿ. ಮೈನಸ್ ಇರುವಾಗಲೇ ಪ್ಲಸ್ ಬಿಚ್ಚಲು ಹೋಗಿ ಪಾನಾ ಬಾಡಿಗೆ ತಾಗಿತೆಂದರೆ ಕಣ್ಣು ಕೋರೈಸುವಂಥ ಕಿಡಿ ಹಾರುತ್ತದೆ.

ಈಗ ಮಲ್ಟಿಮೀಟರ್. ಗಾಡಿ ರಾತ್ರಿಯೆಲ್ಲ ನಿಂತ ಮೇಲೆ ಬೆಳಿಗ್ಗೆ ಅಳೆಯಿರಿ. 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ. 12.2 ಅಂದರೆ ಅರ್ಧಕ್ಕೆ ಬಂದಿದೆ. 12ಕ್ಕಿಂತ ಕೆಳಗಿದ್ದರೆ ಖಾಲಿ. ಸೆಲ್ಫ್ ಹೊಡೆಯುವಾಗ ಒಬ್ಬರು ಮೀಟರ್ ನೋಡಲಿ. 9.6 ವೋಲ್ಟಿಗಿಂತ ಕೆಳಗೆ ಬಿದ್ದರೆ ಬ್ಯಾಟರಿಗೆ ಶಕ್ತಿ ಉಳಿದಿಲ್ಲ, ಮೊದಲು ಪೂರ್ತಿ ಚಾರ್ಜ್ ಮಾಡಿಸಿ ಇನ್ನೊಮ್ಮೆ ಪರೀಕ್ಷಿಸಿ. ಗಾಡಿ ಸ್ಟಾರ್ಟ್ ಆದ ಮೇಲೆ ಮತ್ತೆ ಅಳೆಯಿರಿ. 13.8ರಿಂದ 14.5ರ ನಡುವೆ ಬರಬೇಕು. 13ಕ್ಕಿಂತ ಕಡಿಮೆ ಅಂದರೆ ಆಲ್ಟರ್ನೇಟರ್ (ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ, ಹಳೆ ಮಿಸ್ತ್ರಿಗಳು ಡೈನಮೊ ಅನ್ನುತ್ತಾರೆ) ಅಥವಾ ಅದರ ಬೆಲ್ಟ್ ನೋಡಿಸಬೇಕು. 15 ದಾಟಿದರೆ ಅದು ಬ್ಯಾಟರಿಯನ್ನು ಕುದಿಸುತ್ತಿದೆ. ಹೊಸ ಬ್ಯಾಟರಿ ಹಾಕಿಸಿ ಆರು ತಿಂಗಳಿಗೆ ಹಾಳಾಯ್ತು ಅನ್ನುವವರು ಈ ಅಳತೆ ಒಮ್ಮೆಯೂ ತೆಗೆದಿರುವುದಿಲ್ಲ.

ಚಳಿ ದೇಶಗಳಲ್ಲಿ ಬ್ಯಾಟರಿ ಚಳಿಗಾಲದಲ್ಲಿ ಕೈಕೊಡುತ್ತದಂತೆ. ನಮ್ಮಲ್ಲಿ ಅದನ್ನು ತಿನ್ನುವುದು ಬೇಸಿಗೆ. ಮೇ ತಿಂಗಳಲ್ಲಿ 42, 43 ಡಿಗ್ರಿ ಬಿಸಿಲಿಗೆ ಒಳಗಿನ ನೀರು ಬೇಗ ಆರುತ್ತದೆ. ಮುಚ್ಚಳ ತೆಗೆಯುವ ಥರದ ಬ್ಯಾಟರಿ ಇದ್ದರೆ ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಿ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಆಸಿಡ್ ಹಾಕಬೇಡಿ, ಫಿಲ್ಟರ್ ನೀರು ಹಾಕಬೇಡಿ. ಆ ಹೊತ್ತಲ್ಲಿ ಹತ್ತಿರ ಬೀಡಿ, ಸಿಗರೇಟು ಬೇಡವೇ ಬೇಡ. ಬ್ಯಾಟರಿಯಿಂದ ಹೊರಡುವ ಗ್ಯಾಸ್ ಹೊತ್ತಿಕೊಳ್ಳುವಂಥದ್ದು.

ದಾರಿಯಲ್ಲಿ ಜಂಪರ್ ಹಾಕುವ ಕ್ರಮ ಹೀಗೆ. ಕೆಂಪು ವೈರ್ ಮೊದಲು ಕೆಟ್ಟ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ವೈರ್ ಒಳ್ಳೆ ಬ್ಯಾಟರಿಯ ಮೈನಸ್‌ಗೆ, ಕೊನೆಯ ತುದಿ ನಿಮ್ಮ ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಒಳ್ಳೆ ಗಾಡಿ ಐದು ನಿಮಿಷ ಓಡಲಿ, ಆಮೇಲೆ ನಿಮ್ಮದನ್ನು ಸ್ಟಾರ್ಟ್ ಮಾಡಿ. ಬಿಚ್ಚುವಾಗ ಉಲ್ಟಾ ಕ್ರಮ.

ದಿನಾ ಓಡಿಸಿದರೂ ರಾತ್ರಿ ಕಳೆಯುವಷ್ಟರಲ್ಲಿ ಬ್ಯಾಟರಿ ಇಳಿಯುತ್ತದೆ, ಚಾರ್ಜಿಂಗೂ ಸರಿ ಇದೆ ಅಂದರೆ ಕರೆಂಟ್ ಎಲ್ಲೋ ಸೋರುತ್ತಿದೆ. ಹೊರಗೆ ಹಾಕಿಸಿದ ಸ್ಟೀರಿಯೊ, ಸೆಂಟ್ರಲ್ ಲಾಕ್, ಡಿಕ್ಕಿಯೊಳಗೆ ಆರದ ದೀಪ, ಇವೇ ಸಾಮಾನ್ಯ ಕಳ್ಳರು. ಸ್ಟೀರಿಯೊ ಫ್ಯೂಸ್ ತೆಗೆದಿಟ್ಟು ಒಂದು ರಾತ್ರಿ ಬಿಟ್ಟು ನೋಡಿ. ಸರಿಹೋದರೆ ಕಳ್ಳ ಸಿಕ್ಕ.

ಎರಡನೆಯ ಲಕ್ಷಣ, ಅಂದರೆ ಬೆಳಕು ಇದ್ದೂ ಒಂದೇ 'ಟಕ್' ಬಂದರೆ, ಬ್ಯಾಟರಿಯ ಮೈನಸ್ಸಿನಿಂದ ಬಾಡಿಗೆ ಮತ್ತು ಗೇರ್‌ಬಾಕ್ಸಿಗೆ ಹೋಗುವ ಅರ್ತ್ ವೈರಿನ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಬಿಗಿ ಮಾಡಿ ನೋಡಿ. ಅದಕ್ಕೂ ಬಗ್ಗದಿದ್ದರೆ ಸೆಲ್ಫ್ ಮೋಟರನ್ನು ಆಟೊ ಎಲೆಕ್ಟ್ರಿಷಿಯನ್‌ಗೆ ಕೊಡಿ. ಹೊಸದು ಕೊಳ್ಳುವ ಮೊದಲು ಕಾರ್ಬನ್ ಬ್ರಷ್ ಸವೆದಿದೆಯಾ ಕೇಳಿ. ಎಷ್ಟೋ ಸಲ ಅದೊಂದನ್ನೇ ಬದಲಿಸಿದರೆ ಮುಗಿಯುತ್ತದೆ.

ಮೂರನೆಯ ಲಕ್ಷಣಕ್ಕೆ, ಇಂಜೆಕ್ಷನ್ ಗಾಡಿಯಾದರೆ (ಎಲೆಕ್ಟ್ರಿಕ್ ಪಂಪಿನ ಒತ್ತಡದಲ್ಲಿ ಪೆಟ್ರೋಲ್ ಸಿಂಪಡಿಸುವಂಥದ್ದು) ಕೀಲಿ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ 'ಗುಂಯ್' ಸದ್ದು ಕೇಳಬೇಕು. ಅದು ಪೆಟ್ರೋಲ್ ಪಂಪ್. ಕೇಳದಿದ್ದರೆ ಪಂಪಿನ ಫ್ಯೂಸ್, ರಿಲೇ (ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸಣ್ಣ ಡಬ್ಬಿ) ನೋಡಿ. ಕಾರ್ಬೊರೇಟರ್ ಇರುವ ಹಳೆ 800ರಲ್ಲಿ ಈ ಸದ್ದು ಇರುವುದೇ ಇಲ್ಲ, ಗಾಬರಿ ಬೇಡ. ಡ್ಯಾಶ್‌ಬೋರ್ಡಿನಲ್ಲಿ ಕೀಲಿ ಗುರುತಿನ ದೀಪ ಮಿನುಗುತ್ತಿದ್ದರೆ ಗಾಡಿ ನಿಮ್ಮ ಕೀಲಿಯನ್ನು ಗುರುತಿಸಿಲ್ಲ. ಇನ್ನೊಂದು ಕೀಲಿ ಹಾಕಿ ನೋಡಿ. ಕಿಡಿ ಪರೀಕ್ಷೆಗೆ ಪ್ಲಗ್ ವೈರನ್ನು ಕೈಯಲ್ಲಿ ಹಿಡಿಯುವ ಹಳೆ ರೂಢಿ ಬೇಡ. ಹೊಡೆಯುವುದು ಸಾವಿರಾರು ವೋಲ್ಟ್.

3. ಗಾಡಿ ಹೀಟ್ ಆಗುತ್ತಿದೆ

ಇದನ್ನು ನಿಧಾನವಾಗಿ ಓದಿ. ಬೇರೆ ಯಾವ ತೊಂದರೆಯೂ ಹತ್ತು ನಿಮಿಷದಲ್ಲಿ ಎಂಜಿನ್ ಬಿಚ್ಚುವ ಖರ್ಚಿಗೆ ತಂದು ನಿಲ್ಲಿಸುವುದಿಲ್ಲ.

ದಾರಿಯಲ್ಲಿ ಗೇಜಿನ ಮುಳ್ಳು ಮೇಲೇರಿದರೆ ಎಸಿ ಆಫ್ ಮಾಡಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿ ಇಡಿ. ಮೇ ತಿಂಗಳಲ್ಲಿ ಹೀಟರಾ ಅಂತ ನಗಬೇಡಿ. ಎಂಜಿನ್ನಿನ ಬಿಸಿಯನ್ನು ಅದು ಒಳಗೆಳೆದುಕೊಳ್ಳುತ್ತದೆ, ಮುಳ್ಳು ಸ್ವಲ್ಪ ಇಳಿಯುತ್ತದೆ. ಕಿಟಕಿ ತೆರೆದು, ನೆರಳಿರುವ ಕಡೆ ಪಕ್ಕಕ್ಕೆ ನಿಲ್ಲಿಸಿ. ಮುಳ್ಳು ಕೆಂಪು ಗೆರೆ ಮುಟ್ಟಿದ್ದರೆ ಅಥವಾ ಹಬೆ ಬರುತ್ತಿದ್ದರೆ ತಕ್ಷಣ ಎಂಜಿನ್ ಆಫ್. "ಇನ್ನು ಮೂರೇ ಕಿಲೋಮೀಟರ್, ಊರು ಮುಟ್ಟಿಬಿಡೋಣ" ಅನ್ನುವ ಮಾತಿಗೇ ಹೆಡ್ (ಎಂಜಿನ್ನಿನ ತಲೆಭಾಗ) ಬೆಂಡ್ ಆಗುವುದು.

ಆಮೇಲೆ ಮುಕ್ಕಾಲು ಗಂಟೆ ಸುಮ್ನೆ ಕೂತುಕೊಳ್ಳಿ. ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಆ ಮುಚ್ಚಳ ಒಳಗಿನ ನೀರನ್ನು ಒತ್ತಡದಲ್ಲಿ ಹಿಡಿದಿರುತ್ತದೆ, ಹಾಗಾಗಿ ಅದು 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ತಿರುಗಿಸಿದಿರೋ, ಒತ್ತಡ ಬಿಟ್ಟು ಎಲ್ಲವೂ ಒಂದೇ ಸಲ ಕುದಿದು ಮುಖಕ್ಕೆ ಎರಚುತ್ತದೆ. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯುವುದೂ ಬೇಡ, ಲೋಹ ಬಿರುಕು ಬಿಡುತ್ತದೆ.

ಕಾರಣ ಹುಡುಕುವುದು ಮಾರನೆಯ ದಿನ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ. ಮೊದಲು ನೆನಪು ಮಾಡಿಕೊಳ್ಳಿ. ಸೂಪರ್ ಮಾರ್ಕೆಟ್ ಟ್ರಾಫಿಕ್ಕಿನಲ್ಲಿ ನಿಂತಾಗ ಮಾತ್ರ ಬಿಸಿಯಾಗಿ, ರಿಂಗ್ ರೋಡಿಗೆ ಬಂದು ಗಾಳಿ ಸಿಕ್ಕ ಕೂಡಲೇ ಇಳಿಯುತ್ತದೆಯೇ? ಹಾಗಾದರೆ ಫ್ಯಾನ್ ಮೇಲೆ ಅನುಮಾನ. ಊರೊಳಗೆ ಸರಿ ಇದ್ದು ಜೇವರ್ಗಿ ರೋಡಿನಲ್ಲಿ 80ಕ್ಕೆ ಹೋದಾಗ ಏರುತ್ತದೆಯೇ? ರೇಡಿಯೇಟರ್ ಕಟ್ಟಿದೆ, ಇಲ್ಲವೇ ಥರ್ಮೋಸ್ಟಾಟ್ (ಏನೆಂದು ಕೆಳಗಿದೆ), ವಾಟರ್ ಪಂಪ್ (ನೀರನ್ನು ಸುತ್ತಿಸುವ ಪಂಪ್) ಕೆಟ್ಟಿದೆ. ಎಲ್ಲ ಕಡೆ, ಯಾವಾಗಲೂ ಏರುತ್ತದೆಯೇ? ಕೂಲಂಟ್ ಕಡಿಮೆ ಇರಬೇಕು, ಅಥವಾ ಹೆಡ್ ಗ್ಯಾಸ್ಕೆಟ್ (ಅದೂ ಕೆಳಗಿದೆ) ಹೋಗಿರಬೇಕು.

ಈಗ ನೋಡುವ ಕ್ರಮ.

ಮುಚ್ಚಳ ತೆಗೆದು ರೇಡಿಯೇಟರಿನೊಳಗೇ ಇಣುಕಿ. ಪಕ್ಕದ ಪ್ಲಾಸ್ಟಿಕ್ ಡಬ್ಬಿ ತುಂಬಿದೆ ಅಂತ ನಂಬಿ ಕೂರಬೇಡಿ. ಮುಚ್ಚಳದ ರಬ್ಬರ್ ಹಾಳಾಗಿದ್ದರೆ ಡಬ್ಬಿ ತುಂಬಿಯೇ ಇರುತ್ತದೆ, ರೇಡಿಯೇಟರ್ ಮಾತ್ರ ಖಾಲಿ. ನೀರಿನ ಬಣ್ಣ ನೋಡಿ. ಇಟ್ಟಿಗೆ ಬಣ್ಣ ಬಂದಿದ್ದರೆ ತುಕ್ಕು. ಅಂಚಿಗೆ ಬಿಳಿ ಪೊರೆ ಕಂಡರೆ ಬೋರ್ ನೀರು. ಮೇಲೆ ಎಣ್ಣೆ ತೇಲುತ್ತಿದ್ದರೆ ಸುದ್ದಿ ಒಳ್ಳೆಯದಲ್ಲ.

ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ. ಹಳೆಯದರ ಮೇಲೆ 0.9 ಅಂತ ಇದ್ದರೆ ಹೊಸದೂ 0.9 ಇರಲಿ. ಇಷ್ಟು ಅಗ್ಗದ ರಿಪೇರಿ ಗಾಡಿಯಲ್ಲಿ ಇನ್ನೊಂದಿಲ್ಲ.

ಹೋಸ್ ಪೈಪುಗಳ ತುದಿ, ರೇಡಿಯೇಟರಿನ ಅಂಚು, ವಾಟರ್ ಪಂಪಿನ ಕೆಳಗೆ ಒಣಗಿದ ಕಲೆ ಇದೆಯಾ ಟಾರ್ಚ್ ಹಾಕಿ ನೋಡಿ. ಎಡಗಡೆ ಮುಂದಿನ ಸೀಟಿನ ಕಾಲಡಿ ಮ್ಯಾಟ್ ಒದ್ದೆಯಾಗಿ ಸಿಹಿ ವಾಸನೆ ಬಂದರೆ ಹೀಟರಿನ ಒಳ ರೇಡಿಯೇಟರ್ ಸೋರುತ್ತಿದೆ. ಎಸಿ ನೀರಾಗಿದ್ದರೆ ವಾಸನೆ, ಅಂಟು ಎರಡೂ ಇರುವುದಿಲ್ಲ.

ಎಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ. ಸಾಮಾನ್ಯವಾಗಿ ಆಗಲೇ ಒಂದು ಫ್ಯಾನ್ ತಿರುಗಬೇಕು. ಎಸಿ ಇಲ್ಲದೆಯೂ ಮುಳ್ಳು ಮಧ್ಯ ದಾಟುವ ಹೊತ್ತಿಗೆ ಫ್ಯಾನ್ ಬರಬೇಕು. ಬರದಿದ್ದರೆ ಫ್ಯೂಸ್ ನೋಡಿ, ಅದೇ ನಂಬರಿನ ಇನ್ನೊಂದು ರಿಲೇ ಅದಲು ಬದಲು ಮಾಡಿ ನೋಡಿ. ಆಮೇಲೂ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಮೋಟರಿಗೆ ನೇರ ಕರೆಂಟ್ ಕೊಟ್ಟು ನೋಡಲಿ. ಮೋಟರ್ ತಿರುಗಿದರೆ ಅದನ್ನು ಬದಲಿಸಬೇಕಾಗಿಲ್ಲ, ತಪ್ಪು ವೈರಿನಲ್ಲೋ ಸೆನ್ಸರಿನಲ್ಲೋ ಇದೆ.

ಥರ್ಮೋಸ್ಟಾಟ್ ಅಂದರೆ ಎಂಜಿನ್ ಸಾಕಷ್ಟು ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಬಾಗಿಲು. ಸುಮಾರು 82ರಿಂದ 88 ಡಿಗ್ರಿಗೆ ತೆರೆದುಕೊಳ್ಳುತ್ತದೆ. ಮುಳ್ಳು ಮೇಲಿದ್ದು, ರೇಡಿಯೇಟರಿನ ಮೇಲಿನ ಪೈಪ್ ಸುಡುತ್ತಿದ್ದು, ಕೆಳಗಿನದು ತಣ್ಣಗೇ ಇದ್ದರೆ ಬಾಗಿಲು ಮುಚ್ಚಿಕೊಂಡಿದೆ ಅಥವಾ ರೇಡಿಯೇಟರ್ ಕಟ್ಟಿದೆ. ನಮ್ಮ ಕಡೆ ಬಹಳ ಮಿಸ್ತ್ರಿಗಳು "ಈ ಬಿಸಿಲಿಗೆ ಇದು ಬೇಡ ಸರ್" ಅಂತ ಥರ್ಮೋಸ್ಟಾಟನ್ನೇ ತೆಗೆದು ಹಾಕುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಎಂಜಿನ್ ಸರಿಯಾದ ಬಿಸಿಗೆ ಬರುವುದು ತಡವಾಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಜಾಸ್ತಿ. ಕೆಟ್ಟಿದ್ದರೆ ಹೊಸದು ಹಾಕಿಸಿ.

ರೇಡಿಯೇಟರಿನ ಹೊರಮೈಯನ್ನೂ ಮರೆಯಬೇಡಿ. ತೊಗರಿ ರಾಶಿಯ ಕಾಲದಲ್ಲಿ ರೋಡಿನ ಮೇಲೇ ಒಕ್ಕಣೆ ನಡೆದಿರುತ್ತದೆ. ಆ ಹೊಟ್ಟು, ಕಪ್ಪು ಮಣ್ಣಿನ ಧೂಳು, ಹುಳುಹುಪ್ಪಟೆ ಎಲ್ಲ ಜಾಲರಿಗೆ ಮೆತ್ತಿಕೊಂಡು ಗಾಳಿ ದಾಟುವುದೇ ಇಲ್ಲ. ಮನೆಯ ಪೈಪಿನಲ್ಲಿ, ಎಂಜಿನ್ ತಣ್ಣಗಿದ್ದಾಗ, ಒಳಗಿನಿಂದ ಹೊರಕ್ಕೆ ನೀರು ಬಿಡಿ. ವಾಷಿಂಗ್ ಸೆಂಟರಿನ ಜೋರು ಪ್ರೆಷರ್ ಬೇಡ, ತೆಳ್ಳಗಿನ ರೆಕ್ಕೆಗಳು ಮಡಚಿಹೋಗುತ್ತವೆ.

ಕೊನೆಯದು ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ತಲೆಭಾಗಕ್ಕೂ ಕೆಳಭಾಗಕ್ಕೂ ನಡುವಿನ ಹಾಳೆ. ಎಲ್ಲೂ ಸೋರದೆ ಕೂಲಂಟ್ ಕಡಿಮೆಯಾಗುವುದು, ಸೈಲೆನ್ಸರಿನಿಂದ ಬಿಡದೆ ಬಿಳಿ ಹೊಗೆ, ಎಂಜಿನ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುವುದು, ರೇಡಿಯೇಟರಿನಲ್ಲಿ ನಿಲ್ಲದೆ ಗುಳ್ಳೆ. ಇವುಗಳಲ್ಲಿ ಎರಡು ಕಂಡರೆ ಓಡಿಸಬೇಡಿ, ಟೋ ಮಾಡಿಸಿ. ಹೆಡ್ ಬಿಚ್ಚಿದಾಗ ಅದರ ತಳ ಸಮವಾಗಿದೆಯಾ ಅಂತ ಲೇತ್ ಅಂಗಡಿಯಲ್ಲಿ ನೋಡಿಸದೆ ಹೊಸ ಗ್ಯಾಸ್ಕೆಟ್ ಹಾಕಿದರೆ ದುಡ್ಡು ನೀರಿನಲ್ಲಿ ಹೋಮ.

ಕೂಲಂಟ್ ಬದಲಿಸುವುದನ್ನು ಮನೆಯಲ್ಲೇ ಮಾಡಬಹುದು. ತಣ್ಣಗಿದ್ದಾಗ ಕೆಳಗಿನ ಬಿರಡೆ ಅಥವಾ ಪೈಪ್ ಬಿಚ್ಚಿ ಹಳೆಯದನ್ನು ಬಕೆಟ್ಟಿಗೆ ಇಳಿಸಿ. ಡಿಸ್ಟಿಲ್ಡ್ ವಾಟರ್ ತುಂಬಿ, ಹೀಟರ್ ಬಿಸಿಗೆ ಇಟ್ಟು ಹತ್ತು ನಿಮಿಷ ಓಡಿಸಿ, ಪೂರ್ತಿ ತಣಿದ ಮೇಲೆ ಮತ್ತೆ ಇಳಿಸಿ. ನೀರು ತಿಳಿಯಾಗುವವರೆಗೆ ಎರಡು ಮೂರು ಸಲ. ಆಮೇಲೆ ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಸಣ್ಣ ಕಾರಿಗೆ ಒಟ್ಟು ಮೂರರಿಂದ ನಾಲ್ಕೂವರೆ ಲೀಟರ್ ಹಿಡಿಯುತ್ತದೆ. ಬೆರೆಸಿಯೇ ಬರುವ ರೆಡಿ ಕೂಲಂಟ್ ತಂದರೆ ಮತ್ತೆ ನೀರು ಸೇರಿಸಬೇಡಿ, ಲೇಬಲ್ ಓದಿ. ಹಸಿರು, ಕೆಂಪು ಬರೀ ಬಣ್ಣ, ಜಾತಿ ಗೊತ್ತಾಗುವುದಿಲ್ಲ, ಹಾಗಾಗಿ ಬೇರೆ ಬೇರೆ ಕಂಪನಿಯದನ್ನು ಬೆರೆಸಬೇಡಿ. ತುಂಬಿದ ಮೇಲೆ, ತಣ್ಣಗಿರುವಾಗಲೇ ಮುಚ್ಚಳ ತೆರೆದಿಟ್ಟು, ಗಾಡಿಯ ಮೂತಿ ಸ್ವಲ್ಪ ಎತ್ತರಕ್ಕಿರುವ ಹಾಗೆ ನಿಲ್ಲಿಸಿ ಎಂಜಿನ್ ಓಡಿಸಿ. ಒಳಗೆ ಸಿಕ್ಕ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ. ಮಟ್ಟ ಇಳಿದಷ್ಟು ತುಂಬುತ್ತಾ ಹೋಗಿ, ಗುಳ್ಳೆ ನಿಂತ ಮೇಲೆ ಮುಚ್ಚಿ. ಗಾಳಿ ಉಳಿದರೆ ಹೊಸ ಕೂಲಂಟ್ ಇದ್ದೂ ಹೀಟ್ ಆಗುತ್ತದೆ.

ಹಳೆ ಕೂಲಂಟನ್ನು ಅಂಗಳದಲ್ಲಿ, ಚರಂಡಿಯಲ್ಲಿ ಚೆಲ್ಲಬೇಡಿ. ಅದು ಸಿಹಿಯಾಗಿರುತ್ತದೆ. ಓಣಿಯ ದನ, ನಾಯಿ ನೆಕ್ಕಿದರೆ ವಿಷ. ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ.

4. ಎಳೆಯುತ್ತಿಲ್ಲ, ಮೈಲೇಜ್ ಬಿದ್ದಿದೆ

ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ ತೆಗೆದು ನೋಡಿ. ಸೇಡಂ, ವಾಡಿ, ಮಳಖೇಡ ಕಡೆ ಸಿಮೆಂಟ್ ಧೂಳಿನಲ್ಲಿ ದಿನಾ ಓಡಾಡುವವರು ಪುಸ್ತಕದಲ್ಲಿ ಹೇಳಿದ ಕಿಲೋಮೀಟರ್ ತನಕ ಕಾಯಬೇಡಿ, ಅದರ ಅರ್ಧಕ್ಕೇ ನೋಡಿ. ಕಾಗದದ ಫಿಲ್ಟರನ್ನು ನೀರಲ್ಲಿ, ಪೆಟ್ರೋಲಲ್ಲಿ ತೊಳೆಯಬಾರದು. ಮೆಲ್ಲಗೆ ತಟ್ಟಿ, ಒಳಗಿನಿಂದ ಹೊರಕ್ಕೆ ಗಾಳಿ ಹೊಡೆಸಿ. ಬೆಳಕಿಗೆ ಹಿಡಿದಾಗ ಬೆಳಕು ದಾಟದಿದ್ದರೆ ಹೊಸದು ಹಾಕಿ.

ಪ್ಲಗ್ ತೆಗೆಯುವುದು ಎಂಜಿನ್ ತಣ್ಣಗಿದ್ದಾಗ, ಒಂದೊಂದಾಗಿ. ವೈರ್ ಅದಲು ಬದಲಾದರೆ ಗಾಡಿ ಗಡಗಡ ನಡುಗುತ್ತದೆ. ತುದಿ ತಿಳಿ ಕಂದು ಇದ್ದರೆ ಆರೋಗ್ಯ. ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಎಣ್ಣೆಯಿಂದ ಒದ್ದೆ ಇದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ. ಸೈಲೆನ್ಸರಿನ ಹೊಗೆಯೂ ಇದನ್ನೇ ಹೇಳುತ್ತದೆ: ನೀಲಿ ಅಂದರೆ ಆಯಿಲ್, ಕಪ್ಪು ಅಂದರೆ ಪೆಟ್ರೋಲ್ ಜಾಸ್ತಿ. ಪ್ಲಗ್ ಮರಳಿ ಹಾಕುವಾಗ ಮೊದಲ ಸುತ್ತುಗಳು ಕೈಯಲ್ಲೇ ಇರಲಿ. ಪಾನಾದಿಂದ ಶುರು ಮಾಡಿ ಅಡ್ಡ ಹತ್ತಿದರೆ ಹೆಡ್ಡಿನ ಥ್ರೆಡ್ಡೇ ಹೋಗುತ್ತದೆ.

ಪೆಟ್ರೋಲ್ ಬಗ್ಗೆ ಕೇಳುವವರು ಈಗ ಜಾಸ್ತಿ. 2025ರ ಹೊತ್ತಿಗೆ ಪಂಪಿನ ಪೆಟ್ರೋಲಿನಲ್ಲಿ ಎಥನಾಲ್ ಶೇಕಡಾ 20ಕ್ಕೆ ಬಂದಿದೆ. ಹಳೆ ಗಾಡಿಯ ರಬ್ಬರ್ ಪೈಪುಗಳು ಇದಕ್ಕೆಂದು ಮಾಡಿದವಲ್ಲ. ಪೆಟ್ರೋಲ್ ಪೈಪುಗಳನ್ನು ಮೂರು ತಿಂಗಳಿಗೊಮ್ಮೆ ಕೈಯಲ್ಲಿ ಒತ್ತಿ ನೋಡಿ. ಬಿರುಕು, ಉಬ್ಬು, ಅಂಟು ಕಂಡರೆ ಅವತ್ತೇ ಬದಲಿಸಿ. ಪೆಟ್ರೋಲ್ ವಾಸನೆ ಬಂದ ಗಾಡಿಯನ್ನು ಸ್ಟಾರ್ಟ್ ಮಾಡಬಾರದು. ಎಥನಾಲ್ ನೀರು ಹೀರುತ್ತದೆ, ಆದ್ದರಿಂದ ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕು ತಳ ಕಾಣುವ ಹಾಗೆ ಇರಬಾರದು.

ಇನ್ನೊಂದು ಮಾತು. 796 ಸಿಸಿಯ ಹಳೆ 800, ಓಮ್ನಿ, ಆಲ್ಟೊ ಎಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಒಳಗಿನ ವಾಲ್ವ್, ಪಿಸ್ಟನ್‌ಗಳ ತಾಳ ಹೊಂದಿಸುವ ಬೆಲ್ಟ್) ಇದೆ. ಆಲ್ಟೊ ಕೆ10 ಥರದ ಗಾಡಿಗಳ ಕೆ10 ಎಂಜಿನ್ನಿನಲ್ಲಿ ಅದರ ಜಾಗಕ್ಕೆ ಚೈನ್ ಇದೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು, ಬೆಲ್ಟ್ ಯಾವಾಗ ಬದಲಾಯಿತು ಅಂತ ಗೊತ್ತಿಲ್ಲದಿದ್ದರೆ ಬದಲಿಸಿಬಿಡಿ. ಕೆಡದ ಪಾರ್ಟ್ ಬದಲಿಸಬೇಡಿ ಅಂದೆನಲ್ಲ, ಅದಕ್ಕೆ ಇದೊಂದೇ ಅಪವಾದ. ಹರಿಯುವ ಮೊದಲು ಇದು ಯಾವ ಸೂಚನೆಯನ್ನೂ ಕೊಡುವುದಿಲ್ಲ.

5. ಎಸಿ ತಂಪಿಲ್ಲ

ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ಪೈಪುಗಳೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಪ್ರತಿ ಬೇಸಿಗೆಗೂ ತುಂಬಿಸಬೇಕಾಗುತ್ತಿದೆ ಅಂದರೆ ಸೋರಿಕೆ ಇದೆ. "ಗ್ಯಾಸ್ ಹಾಕಿ" ಅನ್ನಬೇಡಿ, "ಲೀಕ್ ಎಲ್ಲಿದೆ ತೋರಿಸಿ, ಆಮೇಲೆ ಗ್ಯಾಸ್" ಅನ್ನಿ. ಅದಕ್ಕೂ ಮೊದಲು ಫ್ಯಾನ್ ತಿರುಗುತ್ತಿದೆಯಾ, ರೇಡಿಯೇಟರಿನ ಮುಂದಿರುವ ಕಂಡೆನ್ಸರ್ ಜಾಲರಿ ಧೂಳು ತಿಂದಿದೆಯಾ, ಕ್ಯಾಬಿನ್ ಫಿಲ್ಟರ್ ಇದ್ದರೆ ಅದು ಕಟ್ಟಿದೆಯಾ ನೋಡಿ. ಎಸಿ ಹಾಕಿದಾಗ ಬಾನೆಟ್ ಒಳಗಿಂದ 'ಟಕ್' ಸದ್ದು ಬರದಿದ್ದರೆ ಕಂಪ್ರೆಸರ್ (ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪ್) ಹಿಡಿಯುತ್ತಲೇ ಇಲ್ಲ. ಫ್ಯೂಸಿನಿಂದ ಹುಡುಕಲು ಶುರು ಮಾಡಿ.

6. ಸದ್ದು, ಬ್ರೇಕ್, ಟೈರ್

ಪೂರ್ತಿ ತಿರುಗಿಸಿ ಹೊರಟಾಗ 'ಕಟಕಟ' ಅಂದರೆ ಚಕ್ರಕ್ಕೆ ಶಕ್ತಿ ಒಯ್ಯುವ ಆಕ್ಸಲ್ ಜಾಯಿಂಟ್. ಅದರ ರಬ್ಬರ್ ಹರಿದು ಗ್ರೀಸ್ ಚೆಲ್ಲಿರುತ್ತದೆ. ವೇಗದ ಜೊತೆ ಏರುವ 'ಹೂಂ' ಸದ್ದು ಚಕ್ರದ ಬೇರಿಂಗ್ ಅಥವಾ ಅಡ್ಡಾದಿಡ್ಡಿ ಸವೆದ ಟೈರ್. ಗುಂಡಿಗೆ ಬಿದ್ದಾಗ ಮಾತ್ರ ಬರುವ 'ಟಕ್ ಟಕ್' ಸಸ್ಪೆನ್ಷನ್ ಬುಷ್.

ಬ್ರೇಕಿನಲ್ಲಿ ಪತ್ತೆ ನಿಮ್ಮದು, ಕೆಲಸ ಮಿಸ್ತ್ರಿಯದು. 'ಕೀಂ' ಅಂದರೆ ಪ್ಯಾಡ್ ಸವೆಯುತ್ತಿದೆ, 'ಗರ್' ಅಂದರೆ ಮುಗಿದಿದೆ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾದರೆ ಅಥವಾ ಒತ್ತಿದಷ್ಟೂ ಇಳಿಯುತ್ತಾ ಹೋದರೆ ಗಾಡಿ ಓಡಿಸಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತದೆ, ಅದನ್ನೇ ಹಾಕಿ. ಆ ಡಬ್ಬಿಗೆ ಎಂಜಿನ್ ಆಯಿಲ್ ಒಂದು ಹನಿ ಬಿದ್ದರೂ ಒಳಗಿನ ರಬ್ಬರುಗಳೆಲ್ಲ ಉಬ್ಬಿ ಹಾಳು.

ಟೈರ್ ಬಗ್ಗೆ ನಮ್ಮಲ್ಲೊಂದು ತಪ್ಪು ನಂಬಿಕೆ ಇದೆ. ಬೇಸಿಗೆಗೆ ಗಾಳಿ ನಾಲ್ಕೈದು ಪಾಯಿಂಟ್ ಕಡಿಮೆ ಇಡಬೇಕು ಅಂತ. ಉಲ್ಟಾ. ಗಾಳಿ ಕಡಿಮೆಯಾದ ಟೈರ್ ಜಾಸ್ತಿ ಮಡಚಿ, ಜಾಸ್ತಿ ಬಿಸಿಯಾಗಿ, ಹೈವೇಯಲ್ಲಿ ಸಿಡಿಯುತ್ತದೆ. ಬೆಳಿಗ್ಗೆ ಗಾಡಿ ಓಡುವ ಮೊದಲು ಕಂಪನಿ ಹೇಳಿದಷ್ಟೇ ಹಾಕಿ, ಸ್ಟೆಪ್ನಿಗೂ. ಬಿಸಿ ಟೈರಿನಿಂದ ಗಾಳಿ ಬಿಡಬೇಡಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಹೂವು (ಟೈರಿನ ಮೇಲ್ಮೈಯ ಗೆರೆಗಳ ಆಳ) 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನ ಪ್ರಕಾರವೂ ಮುಗಿಯಿತು. ಹೂವು ಚೆನ್ನಾಗಿದ್ದು ಬದಿಯಲ್ಲಿ ಬಿರುಕು ಕಂಡರೂ ಬದಲಿಸಿ. ಸದಾ ಬಿಸಿಲಿಗೆ ನಿಲ್ಲುವ ಗಾಡಿಗೆ ಇದೇ ಜಾಸ್ತಿ ಕಾಣುವುದು.

7. ಗ್ಯಾರೇಜಿಗೆ ಹೋದಾಗ

"ಉಸ್ತಾದ್, ರೇಡಿಯೇಟರ್ ಬದಲಿಸಬೇಕಾ?" ಅಂತ ಕೇಳಬೇಡಿ. ನೀವೇ ಉತ್ತರ ಕೊಟ್ಟ ಹಾಗಾಗುತ್ತದೆ. "ಟ್ರಾಫಿಕ್ಕಿನಲ್ಲಿ ನಿಂತಾಗ ಮಾತ್ರ ಮುಳ್ಳು ಏರುತ್ತದೆ, ಕೂಲಂಟ್ ಕಡಿಮೆಯಾಗಿಲ್ಲ, ಫ್ಯಾನ್ ಫ್ಯೂಸ್ ನೋಡಿದ್ದೇನೆ" ಅನ್ನಿ. ಇಷ್ಟು ಹೇಳಿದವರ ಹತ್ತಿರ ಯಾರೂ ಸುಮ್ನೆ ಪಾರ್ಟ್ ಲಿಸ್ಟ್ ಬರೆಯುವುದಿಲ್ಲ. ಬಿಚ್ಚುವ ಮೊದಲು ಅಂದಾಜು ಖರ್ಚು ಕೇಳಿ, ಬದಲಿಸಿದ ಹಳೆ ಪಾರ್ಟ್ ವಾಪಸ್ ಕೊಡಿ ಅಂತ ಮೊದಲೇ ಹೇಳಿಡಿ. ಹಳೆ ಬ್ಯಾಟರಿ ಮಾತ್ರ ಅಂಗಡಿಗೇ ಬಿಡಿ, ಹೊಸದರ ಬೆಲೆಯಲ್ಲಿ ಅಷ್ಟು ಕಡಿತ ಸಿಗುತ್ತದೆ.

ಗಾಡಿಗೆ 15 ವರ್ಷ ತುಂಬುತ್ತಿದ್ದರೆ ಆರ್‌ಸಿ ಮೇಲಿನ ತಾರೀಖು ಈಗಲೇ ನೋಡಿಕೊಳ್ಳಿ. ಆಮೇಲೆ ಐದೈದು ವರ್ಷಕ್ಕೆ ನವೀಕರಣ, ಅದಕ್ಕೆ ಗಾಡಿಯನ್ನು ಆರ್‌ಟಿಒ ಮುಂದೆ ತೋರಿಸಬೇಕು. ಬ್ರೇಕ್, ಲೈಟ್, ಟೈರ್, ಹೊಗೆ ಇವನ್ನೆಲ್ಲ ಹಿಂದಿನ ತಿಂಗಳೇ ಸರಿ ಮಾಡಿಸಿಕೊಂಡರೆ ಎರಡನೇ ಸಲ ಓಡಾಡುವ ಕೆಲಸ ತಪ್ಪುತ್ತದೆ. ಕೂಲಂಟ್, ಬ್ರೇಕ್ ಆಯಿಲ್, ಬ್ಯಾಟರಿ, ಬೆಲ್ಟ್ ಬದಲಿಸಿದ ತಾರೀಖನ್ನೂ ಮೀಟರ್ ರೀಡಿಂಗನ್ನೂ ಒಂದು ಚೀಟಿಯಲ್ಲಿ ಬರೆದು ಆರ್‌ಸಿ ಜೊತೆಗೇ ಇಡಿ.